ಹಿಂದಿನ ದೋಣಿಯಲ್ಲಿ ಬರ್ತೀನಿ

ಫೆಬ್ರವರಿ 9, ಭಾನುವಾರ. ಬೆಳಗ್ಗೆ

ಇವತ್ತೂ ಅದೇ. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ, ಬಾಗಿಲ ಮೇಲೆ ಮೂರು ಬಡಿತ—ಡ್ರಿಲ್ಲಿಗೆ ಕರೆದ ಹಾಗೆ. ಇವರು ಮಗ್ಗುಲು ಬದಲಿಸಿ, "ಹ್ಞಾಂ ಅಮ್ಮಾ, ಬಂದೆ" ಎಂದು ದಿಂಬಿಗೆ ಹೇಳಿ ಮತ್ತೆ ಗೊರಕೆ. ಸೊಳ್ಳೆಪರದೆಯಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಬಾಗಿಲು ತೆಗೆದವಳು ನಾನು. ಪೀಟಿ ಮೇಡಂ ನಿಂತಿದ್ದರು. ಕ್ಯಾನ್ವಾಸ್ ಶೂ, ಟ್ರ್ಯಾಕ್ ಪ್ಯಾಂಟು, ತಲೆಗೆ ಬಿಳಿ ಟೋಪಿ, ಕೊರಳಲ್ಲಿ ದುರ್ಬೀನು. ಸಮುದ್ರ ಇಳಿದಿದೆಯಂತೆ. ಈಗ ಹೋದರೆ ಮರಳಿನ ಮೇಲೆ ಏಡಿಗಳು ಕಾಣುತ್ತವಂತೆ. ಏಡಿ ನೋಡಲೆಂದು ನಾನು ಲ್ಯಾಬಿಗೆ ರಜೆ ಹಾಕಿ ಬಂದದ್ದಲ್ಲ. ಹಾಗಂತ ಹೇಳಲಿಲ್ಲ. ಹೋದೆ. ಏಡಿಗಳು ಎದ್ದಿರಲಿಲ್ಲ.

ಬರೆದು ನೋಡಿದರೆ ನನಗೇ ನಗು. ನಲವತ್ತಾರನೇ ವಯಸ್ಸಿನಲ್ಲಿ ಮದುವೆ. ಆಗಿ ನಾಲ್ಕು ತಿಂಗಳು. ಗಂಡ ಹೆಂಡತಿ ಮೊದಲ ಸಲ ಊರು ಬಿಟ್ಟು ಹೊರಟಿದ್ದೇವೆ—ಮೂವರು. ಮೂರನೆಯವರು ನನ್ನ ಅತ್ತೆಯಾಗಿದ್ದರೆ ಒಂದು ಮಾತು. ಅಲ್ಲ. ಗಂಡನ ಅತ್ತೆ. ಇವರ ಮೊದಲ ಹೆಂಡತಿಯ ತಾಯಿ. ಆ ಹೆಂಡತಿ ತೀರಿಕೊಂಡು ಆರು ವರ್ಷವಾದರೂ ಈ ತಾಯಿ ಇವರಿಗೆ ಈಗಲೂ "ಅಮ್ಮ". ನನಗೆ ಏನಾಗಬೇಕು? ಅಜ್ಜಿಯ ತಂಗಿಯ ಸೊಸೆಗೂ ಕರೆಯಲು ಒಂದು ಹೆಸರಿದೆ, ಇದಕ್ಕಿಲ್ಲ. ಎದುರಿಗೆ ಮೇಡಂ ಅನ್ನುತ್ತೇನೆ. ಹುಡುಗಿಯರ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದವರು, ಹಾಗಾಗಿ ಇಲ್ಲಿ ಪೀಟಿ ಮೇಡಂ. ಎಪ್ಪತ್ತು ದಾಟಿದರೂ ನನಗಿಂತ ಬೇಗ ನಡೆಯುತ್ತಾರೆ. ಅದೂ ಒಂದು ಸಿಟ್ಟು.

ಅದೇ ದಿನ, ರಾತ್ರಿ

ಅಭಯಾರಣ್ಯದ ಗೇಟಿನಲ್ಲೇ ಗ್ರಹಚಾರ ವಕ್ಕರಿಸಿತು. ಜೀಪು ಹತ್ತುವ ಮೊದಲು ಇವರು ಕನ್ನಡಕ ತೆಗೆದು ಒರೆಸಿದರು. ಊರಲ್ಲೂ ಇದೇ ಚಾಳಿ—ಒರೆಸುವುದು, ಬೆಳಕಿಗೆ ಹಿಡಿಯುವುದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸುವುದು. ಪರೀಕ್ಷೆ ಮುಗಿಯುವಷ್ಟರಲ್ಲಿ ಮರದಿಂದ ಒಂದು ಕೈ ಬಂತು. ಕನ್ನಡಕ ಮೇಲೆ ಹೋಯಿತು. ಮಂಗ ಅದನ್ನು ನೆಕ್ಕಿತು, ಕಚ್ಚಿತು, ರುಚಿ ಹಿಡಿಸದೆ ಕೆಳಗೆಸೆಯಿತು. ಅಲ್ಲಿ ಹಳ್ಳ, ಕೆಸರು, ನೀರಿನಲ್ಲೇ ಬೇರಿಳಿಸಿ ನಿಂತ ಕಾಂಡ್ಲಾ ಗಿಡಗಳು. ಗಾರ್ಡ್ ಇಳಿದು ತರುವುದಿಲ್ಲ ಎಂದ. ಮೊಸಳೆ ಇವೆ ಎಂಬ ಬೋರ್ಡಿಗೆ ಒರಗಿಕೊಂಡು ಹೇಳಿದ.

ಇನ್ನೊಂದು ಜೊತೆ ಎಲ್ಲಿ ಅಂದೆ. ಇಲ್ಲವಂತೆ. ಅರ್ಧ ಆಯುಷ್ಯ ಕನ್ನಡಕದ ಅಂಗಡಿಯಲ್ಲಿ ಕಳೆದವರು. ಪೀಟಿ ಮೇಡಂಗೆ ಎರಡು ಜೊತೆ, ನನಗೆ ತಂಪು ಕನ್ನಡಕ, ಒರೆಸುವ ಬಟ್ಟೆ ಒಂದು ಕಟ್ಟು, ಎಲ್ಲ ಕಟ್ಟಿಕೊಂಡು ಬಂದಿದ್ದಾರೆ. ತಮಗೆ ಒಂದು ಮರೆತಿದ್ದಾರೆ. ದೂರದ್ದೆಲ್ಲ ಇವರಿಗೆ ಮಂಜು. ಇನ್ನು ಒಂದು ವಾರ ಕಾಡು ತೋರಿಸುವುದು ಯಾರಿಗೆ?

ಪೀಟಿ ಮೇಡಂ ತಮ್ಮ ದುರ್ಬೀನು ಕೊಟ್ಟರು. ತಿರುಪು ತಿರುಗಿಸಿ ಹೊಂದಿಸಿಕೊಂಡರೆ ಕನ್ನಡಕವಿಲ್ಲದೆಯೂ ದೂರದ್ದು ಚೆನ್ನಾಗಿ ಕಾಣುತ್ತದಂತೆ. ಇವರು ಅದನ್ನು ಜೀಪಿನಲ್ಲಿದ್ದ ಎಲ್ಲರಿಗೂ ವಿವರಿಸಿದರು. ಅಷ್ಟರಲ್ಲಿ ಒಂದು ಜಿಂಕೆ ಬಂದು ಹೋಯಿತು. ನಾವು ನೋಡಿದ್ದು ಹಿಂಭಾಗ.

ಸಂಜೆ ಲಾಡ್ಜಿನ ಅಂಗಳದ ಆ ತುದಿಯಿಂದ ದುರ್ಬೀನಿನಲ್ಲಿ ನನ್ನನ್ನೇ ನೋಡುತ್ತಾ, "ಕೋಪ ಇಳೀತಾ?" ಎಂದು ಕೂಗಿದರು. ನಗು ಬಂತು. ತೋರಿಸಲಿಲ್ಲ.

ಫೆಬ್ರವರಿ 10, ಸೋಮವಾರ

ಗೊತ್ತಾಯಿತು. ಈ ಪ್ರವಾಸ ಯಾಕೆ, ಮೂವರು ಯಾಕೆ—ಎಲ್ಲ ಗೊತ್ತಾಯಿತು.

ತಿಂಡಿಯಾದ ಮೇಲೆ ಪೀಟಿ ಮೇಡಂ ದಂಡೆಯ ಕಡೆ ಹೋದರು. ಇವರು ಒಗೆದ ಬಟ್ಟೆ ಹಿಂಡಿ ಹರವುತ್ತಾ, ನನ್ನ ಮುಖ ನೋಡದೆ (ನೋಡಿದರೂ ಕಾಣುತ್ತಿರಲಿಲ್ಲ), ಒಂದು ವಿಷಯ ಅಂದರು. ಅಮ್ಮ ಇರುವ ಕಟ್ಟಡ ಕೆಡವುತ್ತಾರಂತೆ. ಏಪ್ರಿಲ್ ಹೊತ್ತಿಗೆ ಮನೆ ಖಾಲಿ ಮಾಡಬೇಕು. ಮೂರನೇ ಮಹಡಿ, ಲಿಫ್ಟಿಲ್ಲ, ಹೇಗೂ ಬಿಡಬೇಕಿತ್ತು. "ನಮ್ಮ ಜೊತೆಗೇ ಇರಲಿ ಅಂತ. ಆ ಕಿಟಕಿ ಇರೋ ಕೋಣೆ ಅಮ್ಮಂಗೆ ಸರಿಹೋಗುತ್ತೆ. ನಿಂಗೆ ಹೇಗೂ ಹಾಲ್ ಇದೆಯಲ್ಲ."

ನಿಂಗೆ ಹೇಗೂ ಹಾಲ್ ಇದೆಯಲ್ಲ.

ಆ ಕಿಟಕಿ ಇರುವ ಕೋಣೆ ನನ್ನದು. ಮದುವೆಗೆ ಮೊದಲು ಅಣ್ಣನ ಮನೆಯಲ್ಲಿ ನಾನು ಮಲಗಿದ್ದು ಎಲ್ಲಿ? ಹಾಲ್‌ನಲ್ಲಿ. ಬೆಳಗ್ಗೆ ಯಾರಾದರೂ ಬರುವ ಮೊದಲೇ ಹಾಸಿಗೆ ಸುತ್ತಿ ಅತ್ತಿಗೆಯ ಮಂಚದ ಕೆಳಗೆ ತಳ್ಳಬೇಕು. ನನ್ನ ಬಟ್ಟೆ ಅವರ ಮಕ್ಕಳ ಬೀರುವಿನಲ್ಲಿ ಒಂದು ಅರೆ. ಫೋನಿನಲ್ಲಿ ಮಾತಾಡಬೇಕಾದರೆ ಮೆಟ್ಟಿಲ ಮೇಲೆ. ಅಳು ಬಂದರೆ ಬಚ್ಚಲು. ಯಾರೂ ಕೆಟ್ಟವರಲ್ಲ, ಯಾರೂ ಒಂದು ಮಾತು ಅಂದವರಲ್ಲ, ಆದರೆ ಮುಚ್ಚಿಕೊಳ್ಳಲು ನನಗೊಂದು ಬಾಗಿಲಿರಲಿಲ್ಲ. ಈ ಮದುವೆಯಲ್ಲಿ ನನಗೆ ಸಿಕ್ಕಿದ್ದರಲ್ಲಿ ಇವರು ಒಂದು, ಆ ಕೋಣೆ ಇನ್ನೊಂದು. ಯಾವುದು ಹೆಚ್ಚು ಎಂದು ಇವತ್ತು ಕೇಳಬಾರದು. ಕಿಟಕಿಯ ಕೆಳಗೆ ಮೇಜು ಹಾಕಿಕೊಂಡಿದ್ದೇನೆ. ಊರಲ್ಲಿದ್ದಾಗ ಈ ಡೈರಿ ಬರೆಯುವುದು ಅಲ್ಲೇ.

ಮೈಯೆಲ್ಲ ಉರಿದು ಹೋಯಿತು. ಇಷ್ಟನ್ನೆಲ್ಲ ಇವರಿಗೆ ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ. ನೀವಿಬ್ಬರೂ ಸೇರಿ ಎಲ್ಲ ತೀರ್ಮಾನ ಮಾಡಿ, ನನಗೆ ಬೆಣ್ಣೆ ಹಚ್ಚಲು ಇಲ್ಲಿ ತನಕ ಕರೆದುಕೊಂಡು ಬಂದಿರಿ ಎಂದೆ. ಇವರು "ನೋಡೋಣ" ಎಂದರು. ಕಾಣದವರು ನೋಡುವುದೇನು?

ಮಾತು ಬಿಟ್ಟಿದ್ದೇನೆ.

ಫೆಬ್ರವರಿ 11, ಮಂಗಳವಾರ

ಬಿಟ್ಟೇ ಇದ್ದೇನೆ. ಆದರೆ ಒಂದು ಕೋಣೆ, ಒಂದು ಸೋಪು, ಒಂದು ಟವೆಲ್ಲು ಹಂಚಿಕೊಂಡವರು ಮಾತು ಬಿಡುವುದು ಅಂದುಕೊಂಡಷ್ಟು ಸುಲಭವಲ್ಲ. ಪೀಟಿ ಮೇಡಂಗೆ ಹೇಳಿದೆ—ಬಿಸಿನೀರು ಬಂದಿದೆ ಎಂದು ಇವರಿಗೆ ಹೇಳಿ ಅಂತ. ಅವರು ಎರಡು ಹೆಜ್ಜೆ ನಡೆದು, "ಬಿಸಿನೀರು ಬಂದಿದೆಯಂತೆ ಕಣೋ" ಎಂದರು. ಇವರು, ಆಯ್ತಮ್ಮ, ಅವಳು ಮೊದಲು ಮಾಡಲಿ ಎಂದರು. ಮೇಡಂ ಎರಡು ಹೆಜ್ಜೆ ವಾಪಸು. "ನೀವು ಮೊದಲು ಮಾಡಬೇಕಂತೆ." ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಎಷ್ಟು ಆಟಗಳಿಗೆ ರೆಫರಿ ಆಗಿದ್ದರೋ.

ಇಡೀ ದಿನ ಹೀಗೇ. ಫ್ಯಾನ್ ಜೋರು ಮಾಡುವುದು, ಕಿಟಕಿ ಮುಚ್ಚುವುದು, ಉಪ್ಪಿನ ಡಬ್ಬಿ ಈ ಕಡೆ ದಾಟಿಸುವುದು, ಎಲ್ಲವೂ ಮೇಡಂ ಮೂಲಕ. ಒಂದು ಸಲವೂ ಏನಾಯಿತು ಎಂದು ಕೇಳಲಿಲ್ಲ. ಕೇಳುವುದೇನು, ಗೊತ್ತೇ ಇರಬೇಕಲ್ಲ. ಒಳಗೊಳಗೇ ನನ್ನ ಕೋಣೆಯಲ್ಲಿ ಮಂಚ ಎಲ್ಲಿ ಹಾಕುವುದೆಂದು ಲೆಕ್ಕ ಹಾಕುತ್ತಿರಬೇಕು.

ಸಂಜೆ ಮೂವರೂ ದಂಡೆಯಲ್ಲಿ ಕೂತೆವು. ಮೇಡಂ ನಡುವೆ. ಸೂರ್ಯ ಮುಳುಗುವುದು ಚೆನ್ನಾಗಿತ್ತು, ಆದರೆ ಹೇಳುವುದು ಯಾರಿಗೆ?

ಫೆಬ್ರವರಿ 12, ಬುಧವಾರ. ಬೆಳಗ್ಗೆ

ಇವತ್ತು ದೋಣಿ. ಅಳಿವೆಯ ಒಳಗೆ ನಡುಗಡ್ಡೆಯೊಂದಿದೆ, ಅಲ್ಲಿಂದ ಹಕ್ಕಿ ನೋಡುವುದು. ದೋಣಿಯಲ್ಲಿ ಮಾತಾಡುವಂತಿಲ್ಲ, ಕಡ್ಡಾಯ ಮೌನ ಎಂದು ದೋಣಿ ಹತ್ತುವ ದಕ್ಕೆಯಲ್ಲಿ ಬರೆದು ಹಾಕಿದ್ದಾರೆ. ನಮಗೆ ಹೇಳಿ ಮಾಡಿಸಿದ ಜಾಗ.

ಒಂದೇ ದೋಣಿಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರಲಾರೆ. ಇವರೂ ಮೇಡಮ್ಮೂ ಮುಂದಿನದಕ್ಕೆ ಹತ್ತಿದರು. ನಾನು ಹಿಂದಿನದು.

ಅದೇ ದಿನ. ದಕ್ಕೆಯ ಬೆಂಚು, ಮಧ್ಯಾಹ್ನ

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಪೀಟಿ ಮೇಡಂ ನಡುಗಡ್ಡೆಯಲ್ಲಿ ಉಳಿದು ಹೋಗಿದ್ದಾರೆ. ಒಬ್ಬರೇ.

ನಡೆದದ್ದು ಇಷ್ಟು. ಹಲಗೆ ದಾರಿಯ ತುದಿಯಲ್ಲಿ ನಾನು ಒಂದು ಉಡವನ್ನು ನೋಡುತ್ತಾ ನಿಂತಿದ್ದೆ. ಮೇಡಂ ಬಂದು, ನಾನು ಅವನ ಜೊತೆ ಹೋಗ್ತೀನಿ, ನೀವು ನಿಮ್ಮ ದೋಣಿಗೆ ನಡೀರಿ ಎಂದರು. ಸರಿ ಅಂದೆ. ಇವರಿಗೆ ಹೇಳಿದ್ದು ಬೇರೆ. "ಹಿಂದಿನ ದೋಣಿಯಲ್ಲಿ ಬರ್ತೀನಿ ಕಣೋ, ನೀನು ಹೊರಡು." ಇವರ ದೋಣಿಯವನು ತಲೆ ಎಣಿಸಿ ಒಬ್ಬರು ಕಮ್ಮಿ ಎಂದಾಗ, ಹಿಂದಿನದರಲ್ಲಿ ಬರುತ್ತಾರೆ ಬಿಡಿ ಎಂದು ಇವರೇ ಸಮಾಧಾನ ಹೇಳಿದ್ದಾರೆ. ನನ್ನ ದೋಣಿಯಲ್ಲಿ ಹೋದಷ್ಟೇ ಪ್ರವಾಸಿಗರು ಬಂದೆವು, ಲೆಕ್ಕ ಸರಿಯಾಗಿತ್ತು. ನಡುದಾರಿಯಲ್ಲಿ ಇವರು ಹಿಂದೆ ತಿರುಗಿ ನಮ್ಮ ದೋಣಿಯ ಕಡೆ ಕೈ ಬೀಸಿದ್ದು ನನಗೂ ಕಂಡಿತ್ತು. ನನಗೆ ಬೀಸುತ್ತಿದ್ದಾರೆ, ರಾಜಿಗೆ ಬಂದಿದ್ದಾರೆ ಎಂದುಕೊಂಡು ಮುಖ ತಿರುಗಿಸಿದ್ದೆ. ಅವರು ಬೀಸಿದ್ದು ನಮ್ಮಲ್ಲಿದ್ದ ಒಂದು ಬಿಳಿ ಟೋಪಿಗೆ. ಆ ಟೋಪಿಯ ಕೆಳಗಿದ್ದದ್ದು ಯಾರೋ ಬ್ಯಾಂಕಿನ ಮ್ಯಾನೇಜರು. ದುರ್ಬೀನು ಮೇಡಂ ಕೊರಳಲ್ಲೇ ಇತ್ತು, ಇವರಿಗೆ ಏನು ಕಾಣಬೇಕು?

ದಕ್ಕೆಗೆ ಇಳಿದಾಗ ಎರಡು ದಿನಗಳ ನಂತರ ನಾವು ಆಡಿದ ಮೊದಲ ಮಾತು:

"ಅಮ್ಮ ಎಲ್ಲಿ?"

"ನಿಮ್ಮ ಜೊತೆ ಬಂದ್ರಲ್ಲ."

ಈಗಲೇ ದೋಣಿ ತಿರುಗಿಸಿ ಎಂದೆವು. ಆಗುವುದಿಲ್ಲ. ನೀರು ಇಳಿಯುತ್ತಿದೆ, ನಡುವಿನ ಕೆಸರ ದಿಬ್ಬ ಮೇಲೆ ಬಂದಿದೆ, ಮತ್ತೆ ಉಬ್ಬರ ಬರುವ ತನಕ ದೋಣಿ ದಾಟದು. ನಡೆದು ಹೋಗಲು ಕೆಸರು ಸೊಂಟದ ತನಕ. ಇಳಿತದ ಹೊತ್ತಿಗೇ ಮೊಸಳೆಗಳು ಕೆಸರ ಮೇಲೆ ಬಿಸಿಲು ಕಾಯಲು ಬರುವುದಂತೆ. ದೋಣಿಯವನು ಇದನ್ನು ಹೇಳಲೇಬೇಕಿತ್ತಾ? ಮೇಡಂ ಫೋನು ಲಾಡ್ಜಿನಲ್ಲಿ ಚಾರ್ಜಿಗೆ ಇಟ್ಟಿದೆ. ನಡುಗಡ್ಡೆಯ ಗಾರ್ಡೂ ನಮ್ಮ ದೋಣಿಯಲ್ಲೇ ಊಟಕ್ಕೆ ಬಂದುಬಿಟ್ಟಿದ್ದ.

ರೇಂಜರ್ ಬಂದರು. ಇಬ್ಬರು ದೊಡ್ಡವರು, ಓದಿದವರು, ಒಬ್ಬರನ್ನೊಬ್ಬರು ಕೇಳಲು ಆಗಲಿಲ್ಲವಾ ಎಂದರು. ನಾವು ಮಾತಾಡುತ್ತಿಲ್ಲ ಸಾರ್ ಎಂದು ಹೇಗೆ ಹೇಳುವುದು? ನೆಲ ನೋಡಿದೆವು.

ಇವರು ಬೆಂಚಿನ ಆ ತುದಿಯಲ್ಲಿ. ಕಣ್ಣು ಕಿರಿದು ಮಾಡಿಕೊಂಡು ನೀರು ನೋಡುತ್ತಿದ್ದಾರೆ, ಕಾಣದಿದ್ದರೂ. ಈಗಷ್ಟೇ ಹೇಳಿದರು—ಅವಳು ಹೋದ ಮೇಲೆ ಮೂರು ತಿಂಗಳು ನಾನು ಅಂಗಡಿ ತೆರೆಯಲಿಲ್ಲ, ದಿನಾ ಬೆಳಗ್ಗೆ ಅಮ್ಮ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು, ಮಗಳನ್ನು ಕಳಕೊಂಡವರು ಅವರು, ಸಮಾಧಾನ ಹೇಳಿಸಿಕೊಂಡವನು ನಾನು. ಇಷ್ಟನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಲು ಇವರಿಗೆ ಒಂದು ಮೊಸಳೆ ಬೇಕಾಯಿತು.

ಒಂದು ವಿಷಯ ಬರೆಯಲೇಬೇಕು. ಸುದ್ದಿ ಗೊತ್ತಾದ ಆ ಗಳಿಗೆಯಲ್ಲಿ, ಒಂದೇ ಗಳಿಗೆ, ನನ್ನ ಕೋಣೆಯ ನೆನಪು ಬಂತು. ಮೇಜು, ಕಿಟಕಿ. ಉಳಿಯಿತು ಅನ್ನಿಸಿತು. ಥೂ. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ.

ಬಿಸಿಲು ಇಳಿಯುತ್ತಿಲ್ಲ. ಅವರ ಹತ್ತಿರ ನೀರಿದೆಯಾ? ಬಾಟಲಿ ನನ್ನ ಚೀಲದಲ್ಲಿದೆ. ಅಯ್ಯೋ, ಬಾಟಲಿ ನನ್ನ ಚೀಲದಲ್ಲಿದೆ.

ಅದೇ ದಿನ, ಸಂಜೆ

ಬಂದರು.

ನೀರು ಏರಿದ ತಕ್ಷಣ ಗಾರ್ಡ್ ದೋಣಿ ತೆಗೆದುಕೊಂಡು ಹೋದ. ದೋಣಿಯ ಮೂತಿಯಲ್ಲಿ ನಿಂತುಕೊಂಡು ಬಂದರು, ಕೂರಲಿಲ್ಲ. ಮುಖ ಸುಟ್ಟ ಇಟ್ಟಿಗೆ. ಶೂ ಎರಡೂ ಕೆಸರು. ತುಟಿ ಒಡೆದಿದೆ. ಇಳಿದವರೇ ನಗುತ್ತಾ, "ನೀರುನಾಯಿ ನೋಡಿದೆ ಕಣೋ, ಐದು" ಎಂದರು. ಒಂದು ಮೀನನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಮಕ್ಕಳು ಬನ್ ತಿನ್ನುವ ಹಾಗೆ, ತಲೆಯಿಂದ ಶುರು ಮಾಡಿ ತಿನ್ನುತ್ತಿತ್ತಂತೆ.

ನಾನು ಕಿರುಚಿದೆ. ಬ್ಯಾಂಕ್ ಮ್ಯಾನೇಜರ್, ರೇಂಜರ್, ಎಲ್ಲರ ಎದುರು. ಏನೇನು ಅಂದೆನೋ ನೆನಪಿಲ್ಲ, ನಿಮಗೆ ಬುದ್ಧಿ ಇದೆಯಾ ಎಂದದ್ದು ನೆನಪಿದೆ. ಅವರಿಗೆ ಯಾರೂ ಹೀಗೆ ಬೈದು ಎಷ್ಟು ಕಾಲವಾಗಿತ್ತೋ. ಅಸೆಂಬ್ಲಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಮಧ್ಯಾಹ್ನ ಇನ್ನೊಂದು ದೋಣಿ ಇರುತ್ತೆ ಅಂದ್ಕೊಂಡಿದ್ದೆ. ನಿಮ್ಮಿಬ್ಬರ ಮಧ್ಯೆ ಕೂತು ಕೂತು ನಂಗೆ ಸುಸ್ತಾಗಿತ್ತಮ್ಮ. ಒಂದು ಹೊತ್ತು ಯಾರ ಮಾತೂ ಯಾರಿಗೂ ದಾಟಿಸ್ದೆ ಕೂರ್ಬೇಕು ಅನ್ನಿಸ್ತು."

ಬಾಟಲಿ ಕೊಟ್ಟೆ. ಅರ್ಧ ಒಂದೇ ಉಸಿರಿಗೆ ಕುಡಿದರು. ನಮ್ಮ ಮೂವರಿಗೂ ಇನ್ನು ದೋಣಿ ಹತ್ತಿಸುವುದಿಲ್ಲ ಎಂದು ರೇಂಜರ್ ಹೇಳಿ ಹೋದರು.

ಫೆಬ್ರವರಿ 15, ಶನಿವಾರ

ಬರೆಯಲು ಪುರುಸೊತ್ತಿರಲಿಲ್ಲ. ಪೀಟಿ ಮೇಡಂಗೆ ಜ್ವರ. ದೋಣಿಯಿಂದ ಇಳಿದ ರಾತ್ರಿಯೇ ಏರಿತು. ಒದ್ದೆ ಬಟ್ಟೆ, ಸಕ್ಕರೆ ಉಪ್ಪಿನ ನೀರು, ಗುಳಿಗೆ. ಇವರು ಕಾಲ ಬಳಿ ಕೂತು "ಏನೂ ಆಗಲ್ಲಮ್ಮ" ಅನ್ನುವುದು, ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಳ್ಳುವುದು. ಕೆಲಸಕ್ಕೆ ಬಾರದವರು.

ಇವತ್ತು ಬೆಳಗ್ಗೆ ಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ಪರೀಕ್ಷೆ ಬರೆದರು. ಅಲ್ಲಿನ ಟೆಕ್ನಿಷಿಯನ್ ಎಡಗೈ ಚುಚ್ಚಿದ, ಸಿಗಲಿಲ್ಲ. ಬಲಗೈ ಚುಚ್ಚಿದ, ಸಿಗಲಿಲ್ಲ. ಮತ್ತೆ ಎಡಗೈ. ಮೇಡಂ ಸುಮ್ಮನೆ ಗೋಡೆ ನೋಡುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿ, ಈ ಕಡೆ ಕೊಡಪ್ಪ, ಇದೇ ನನ್ನ ಕೆಲಸ ಎಂದೆ. ಗುರುತಿನ ಚೀಟಿ ತೋರಿಸಿದ ಮೇಲೆ ಕೊಟ್ಟ. ಬದುಕಿದೆ ಅಂದುಕೊಂಡಿರಬೇಕು.

ಅವರ ಕೈಯನ್ನು ಸರಿಯಾಗಿ ಹಿಡಿದದ್ದು ಇವತ್ತೇ. ಹೊರಗೆ ಗಟ್ಟಿ, ಒಳಗೆ ಚರ್ಮ ಈರುಳ್ಳಿ ಸಿಪ್ಪೆ. ಮುಷ್ಟಿ ಬಿಗಿ ಹಿಡೀರಿ ಅಂದೆ. ಚುಚ್ಚುವಾಗ ಏನಾದರೂ ಮಾತಾಡಿಸಬೇಕು, ಅದು ನಮ್ಮ ಅಭ್ಯಾಸ. ಊರೇನು, ಮಕ್ಕಳೆಷ್ಟು ಎಂದು ಕೇಳುತ್ತೇವೆ. ಮೇಡಂಗೆ ಅದನ್ನು ಕೇಳುವಂತಿಲ್ಲ. ಬಾಯಿಗೆ ಬಂದದ್ದು ಕೇಳಿದೆ—ಏಪ್ರಿಲ್‌ನಲ್ಲಿ ಬರುವಾಗ ನಿಮ್ಮ ಸಾಮಾನು ಬಹಳ ಇದೆಯಾ ಮೇಡಂ?

"ಎಲ್ಲಿಗೆ ಬರುವಾಗ?"

"ನಮ್ಮನೆಗೆ."

ಮುಷ್ಟಿ ಸಡಿಲವಾಯಿತು. ರಕ್ತ ನಿಂತಿತು. ಬಿಗಿ ಹಿಡೀರಿ ಎಂದು ಮತ್ತೆ ಹೇಳಬೇಕಾಯಿತು.

ಅವರಿಗೆ ಗೊತ್ತೇ ಇಲ್ಲ. ಇವರು ಅವರನ್ನು ಕೇಳಿಯೇ ಇಲ್ಲ. ಅಮ್ಮನನ್ನು ಕೇಳುವುದೇನು ಎಂದು ತಾವೇ ತೀರ್ಮಾನ ಮಾಡಿ, ನನ್ನ ಕೋಣೆ ಕೊಟ್ಟು, ಜಗಳ ಮಾಡಿಸಿ, ಮೊಸಳೆ ಬಾಯಿಗೆ ಮುದುಕಿಯನ್ನು ಬಿಟ್ಟು ಬಂದು—ಅವರನ್ನು ಒಂದು ಮಾತು ಕೇಳಿಲ್ಲ. ನಾನೂ ಕೇಳಲಿಲ್ಲ ಅನ್ನುವುದು ನಿಜ. ನಾನು ಮಾತು ಬಿಟ್ಟಿದ್ದೆ. ಇವರದ್ದು ಏನು ನೆಪ?

ರಕ್ತ ತೆಗೆದಾದ ಮೇಲೆ, ಹತ್ತಿ ಒತ್ತಿ ಹಿಡಿದುಕೊಂಡು, ಮೇಡಂ ಹೇಳಿದರು. ಅವರ ಹಳೆಯ ಶಿಷ್ಯೆಯೊಬ್ಬಳು ಕ್ರೀಡಾ ಶಾಲೆ ನಡೆಸುತ್ತಾಳೆ. ದೂರ, ರೈಲಿನಲ್ಲಿ ಒಂದು ಹಗಲು. ಹಾಸ್ಟೆಲಿನಲ್ಲಿ ಒಂದು ರೂಮು ಕೊಡುತ್ತಾಳಂತೆ, ಬೆಳಗ್ಗೆ ಹುಡುಗಿಯರನ್ನು ಎಬ್ಬಿಸಿ ಓಡಿಸಿದರೆ ಸಾಕಂತೆ. ಒಪ್ಪಿಕೊಂಡಾಗಿದೆ. ಈ ಪ್ರವಾಸಕ್ಕೆ ಬಂದದ್ದೇ ಅದನ್ನು ಇವರಿಗೆ ಹೇಳಲು. ಹೇಳಬೇಕೆಂದಾಗಲೆಲ್ಲ ನಾವು ಬಿಸಿನೀರು, ಫ್ಯಾನು, ಉಪ್ಪು...

"ನೀವೇ ಅವನಿಗೆ ಹೇಳಿ. ಅವನು ಅಳ್ತಾನೆ. ನನ್ನ ಕೈಲಾಗಲ್ಲ."

ನಮ್ಮನೆಗೇ ಬನ್ನಿ ಎಂದೆನಾ? ಇಲ್ಲ. ಬಾಯಿ ತೆರೆದೆ, ಆಟೋ ಬಂತು. ಅವರೇ ನನ್ನ ಮುಖ ನೋಡಿ ಹೇಳಿದರು. "ನೀವ್ಯಾಕೆ ನನ್ನ ಇಟ್ಕೋಬೇಕು ಹೇಳಿ. ಹೊಸ ಸಂಸಾರ." ಬೇಸರದಿಂದ ಹೇಳಲಿಲ್ಲ. ಸ್ಕೋರು ಹೇಳಿದ ಹಾಗೆ ಹೇಳಿದರು.

ಕೋಣೆ ಉಳಿಯಿತು. ಕುಣಿಯಬೇಕು ನಾನು. ಬದಲಿಗೆ ಸಿಟ್ಟು ಬರುತ್ತಿದೆ, ಅದೂ ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ನಮ್ಮನೆ ಬೇಡ ಅನ್ನಲು ಮೇಡಂ ಯಾರು? ಹಾಸ್ಟೆಲಿನಲ್ಲಿ ಜ್ವರ ಬಂದರೆ ಅವರ ನರ ಹುಡುಕುವವರು ಯಾರು?

ಅದೇ ದಿನ, ಸಂಜೆ

ರಿಪೋರ್ಟು ಬಂತು. ಏನೂ ಇಲ್ಲ. ಬಿಸಿಲು ಹೊಡೆದದ್ದು ಅಷ್ಟೇ. ಜ್ವರವೂ ಇಳಿದಿದೆ, ಎದ್ದು ಕೂತು ಮೊಟ್ಟೆ ತಿಂದರು.

ಇವರಿಗೆ ಹೇಳಿದೆ. ಈಗ ಒಬ್ಬರ ಮಾತು ಒಬ್ಬರಿಗೆ ದಾಟಿಸುವ ಸರದಿ ನನ್ನದು. ಪೇಟೆಯಲ್ಲಿ ಕೊಂಡ ರೆಡಿಮೇಡ್ ಕನ್ನಡಕ ಹಾಕಿದ್ದರು, ಪವರು ಸರಿಯಿಲ್ಲ, ಹೆಂಗಸರ ಫ್ರೇಮು. ಪೂರ್ತಿ ಕೇಳಿ, ಅದನ್ನು ತೆಗೆದು ಒರೆಸುತ್ತಾ ಕೂತರು. ಅತ್ತರು. ಶಬ್ದವಿಲ್ಲದೆ, ತುಂಬ ಹೊತ್ತು. ನಾನು ಪಕ್ಕದಲ್ಲಿ ಕೂತೆ. ಕೊನೆಗೆ ನೀನು ಕೇಳಿದರೆ ಬರುತ್ತಾರೆ ಎಂದರು.

ಆಗ ನನ್ನ ಬಾಯಿ ಬಿಚ್ಚಿತು. ಅಣ್ಣನ ಮನೆಯ ಹಾಲ್, ಮಂಚದ ಕೆಳಗಿನ ಹಾಸಿಗೆ, ಬಚ್ಚಲಿನ ಅಳು, ಎಲ್ಲ ಹೇಳಿದೆ. ನನ್ನ ಕೋಣೆ ಯಾರಿಗೂ ಕೊಡುವುದಿಲ್ಲ, ನಿಮ್ಮ ಅಮ್ಮನಿಗೂ ಇಲ್ಲ, ದೇವರು ಬಂದು ಕೇಳಿದರೂ ಇಲ್ಲ ಎಂದೆ. ಇವರ ಮುಖ ನೋಡಬೇಕಿತ್ತು. ಗೊತ್ತೇ ಇರಲಿಲ್ಲ ಕಣೇ, ನೀನು ಹೇಳಲೇ ಇಲ್ಲ ಎಂದರು. ನೀವು ಕೇಳಲೇ ಇಲ್ಲ ಎಂದೆ. ಇಬ್ಬರದ್ದೂ ಸರಿ. ಅದಕ್ಕೇ ಇನ್ನಷ್ಟು ಸಿಟ್ಟು.

ಆಮೇಲೆ ಒಂದು ವಿಷಯ ಹೊಳೆಯಿತು. ಹೊಳೆದದ್ದು ನನಗೆ, ಇವರಿಗಲ್ಲ. ಮನೆಯಲ್ಲಿ ಮೂರನೇ ಕೋಣೆಯೊಂದಿದೆ. ಅದರಲ್ಲಿ ಯಾರೂ ಇಲ್ಲ. ಕನ್ನಡಕದ ಡಬ್ಬಿಗಳಿವೆ. ಸೂರಿನ ತನಕ. ಹಳೇ ಫ್ರೇಮು, ಕೆಟ್ಟು ಹೋದ ಗಾಜು ಉಜ್ಜುವ ಯಂತ್ರ, ಅಂಗಡಿ ಇಟ್ಟ ಮೊದಲ ದಿನದ ಬೋರ್ಡು. ಹೆಂಡತಿಯನ್ನು ಹಾಲ್‌ಗೆ ಕಳಿಸಬಹುದು, ಡಬ್ಬಿಗಳನ್ನು ಕಳಿಸಲಾಗುವುದಿಲ್ಲ ಅಲ್ಲವಾ? ಕೇಳಿದೆ. "ಅಲ್ಲಿ ಸ್ಟಾಕ್ ಇದೆ" ಎಂದರು. ಮತ್ತೊಮ್ಮೆ ಕೇಳಿದೆ, ಲ್ಯಾಬಿನ ದನಿಯಲ್ಲಿ. ಖಾಲಿ ಮಾಡುತ್ತೇನೆ ಎಂದರು. ನೋಡೋಣ ಅನ್ನಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ.

ಫೆಬ್ರವರಿ 16, ಭಾನುವಾರ. ಬೆಳಗ್ಗೆ

ಸ್ಟೇಷನ್ನಿಗೆ ವ್ಯಾನು ಬರಬೇಕು. ಪೆಟ್ಟಿಗೆ ಮುಚ್ಚುತ್ತಿಲ್ಲ, ಒದ್ದೆ ಬಟ್ಟೆ, ಎಲ್ಲದರಲ್ಲೂ ಮರಳು. ಒಟ್ಟು ಈ ಪ್ರವಾಸದಲ್ಲಿ ನಾನು ನೋಡಿದ ಪ್ರಾಣಿಗಳು: ಮಂಗ, ಜಿಂಕೆಯ ಹಿಂಭಾಗ, ಒಂದು ಉಡ. ನೀರುನಾಯಿ ನೋಡಿದ್ದು ಬುದ್ಧಿಯಿಲ್ಲದೆ ಹಿಂದುಳಿದವರು ಮಾತ್ರ.

ರಾತ್ರಿ ಯೋಚಿಸಿದೆ. ರೈಲಿನಲ್ಲಿ ನಾನೇ ಮೇಡಂ ಹತ್ತಿರ ಮಾತೆತ್ತುತ್ತೇನೆ. ಉಪಚಾರಕ್ಕಲ್ಲ. ಬರಲಿ ಎಂದೇ ಆಸೆಯಾಗಿದೆ, ಬರೆಯುವಾಗ ನಾಚಿಕೆ ಯಾಕೆ? ಬೆಳಗಿನ ಬಡಿತಕ್ಕೆ ಬಯ್ಯಬೇಕು, ಜ್ವರಕ್ಕೆ ಗುಳಿಗೆ ನುಂಗಿಸಬೇಕು, ಇವರ ಮೇಲೆ ದೂರು ಹೇಳಲು ನನಗೂ ಒಬ್ಬರು ಬೇಕು. ಹಾಸ್ಟೆಲೇ ಬೇಕು ಎಂದರೆ ಹೋಗಲಿ, ಅವರಿಷ್ಟ. ಆದರೆ ಯಾರೂ ಕರೆಯಲಿಲ್ಲ ಎಂದು ಹೋಗಬಾರದು. ಡಬ್ಬಿ ಕೋಣೆ ತೊಳೆದು ಸುಣ್ಣ ಬಳಿಸಿ, ಒಂದು ಮಂಚ ಹಾಕಿದರೆ ಆಯಿತು. ನನ್ನ ಕೋಣೆ ನನಗೆ, ಅವರ ಕೋಣೆ ಅವರಿಗೆ. ಎಲ್ಲ ಹೊಂದುತ್ತದೆ.

ವರಾಂಡದಲ್ಲಿ ಇವರ ದನಿ. ಏನೋ ಹೇಳುತ್ತಿದ್ದಾರೆ ಅವರಿಗೆ. ಅಯ್ಯೋ, ನಮ್ಮನೆಗೆ ಕರೆಯುತ್ತಿದ್ದಾರೆ. ನಾನು ಕರೆಯಬೇಕೆಂದಿದ್ದೆನಲ್ಲ. ಇಷ್ಟು ದಿನ ಬಾಯಿಗೆ ಬೀಗ, ಈಗ ವ್ಯಾನು ಬರುವ ಹೊತ್ತಿಗೆ ಧೈರ್ಯ ಬಂತು. "ನಾನಲ್ಲ, ಅವಳೇ ಹೇಳಿದ್ದು" ಅನ್ನುತ್ತಿದ್ದಾರೆ. ಹಾಗಾದರೆ ಸರಿ.

ಮೇಡಂ ಹೆಜ್ಜೆ ಸದ್ದು. ಈ ಕಡೆಗೇ. ಬಾಗಿಲು ತೆರೆದೇ ಇದೆ, ಆದರೂ ಬಡಿದರು. ಬನ್ನಿ ಅಂದೆ. ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ಕೈ ಮೇಲೆ ನಾನು ಹಾಕಿದ ಪಟ್ಟಿ ಇನ್ನೂ ಇದೆ. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ನಾನು ಬರೆಯುತ್ತಲೇ ಇದ್ದೇನೆ, ತಲೆ ಎತ್ತಲು ಆಗುತ್ತಿಲ್ಲ. ಅವರು ಹಾಸ್ಟೆಲ್ಲಿನ ಮಾತು ತೆಗೆಯಲಿಲ್ಲ. ಇಲ್ಲ ಅನ್ನಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

"ಆ ಕೋಣೆಗೆ ಕಿಟಕಿ ಇದೆಯಾಮ್ಮ?"

ಇಲ್ಲ. ಡಬ್ಬಿ ಕೋಣೆಗೆ ಕಿಟಕಿ ಇಲ್ಲ. ನಾಲ್ಕೂ ಕಡೆ ಗೋಡೆ. ನಾವು ಮಲಗುವ ಕೋಣೆ ಬಿಟ್ಟರೆ ಕಿಟಕಿ ಇರುವುದು ನನ್ನ ಕೋಣೆಗೆ ಮಾತ್ರ. ಯಾರಿಗೂ ಕೊಡುವುದಿಲ್ಲ ಎಂದು ನಿನ್ನೆ ಸಂಜೆ ತಾನೇ ಹೇಳಿದ್ದೇನೆ, ದೇವರು ಬಂದು ಕೇಳಿದರೂ ಇಲ್ಲ ಎಂದಿದ್ದೇನೆ. ಸ್ವಲ್ಪ ತಾಳಿ ಮೇಡಂ, ಯೋಚಿಸಿ ಹೇಳುತ್ತೇನೆ ಅನ್ನಬೇಕು. ಅನ್ನಲೇಬೇಕು. ಆದರೆ ಈ ಹಾಳು ಬಾಯಿ ಆಗಲೇ "ಇದೆ" ಅಂದುಬಿಟ್ಟಿದೆ.